ಒಬ್ಬರೇ ಮುಂಬೈಗೆ ಹೊರಟಿದ್ದೀರಾ? ದಿನಕ್ಕೊಂದು ಲೈನ್ ಹಿಡಿಯಿರಿ

ಮುಂಬೈಗೆ ದುಡಿಯಲು ಹೋದವರು ರಾಯಚೂರು ಜಿಲ್ಲೆಯ ಯಾವ ಊರಲ್ಲಿ ಕೇಳಿದರೂ ಸಿಗುತ್ತಾರೆ. ಸುಮ್ನೆ ಊರು ನೋಡಲು, ಅದೂ ಒಬ್ಬರೇ ಹೋಗಿ ಬಂದವರು ಕಡಿಮೆ. ‘ಅಷ್ಟು ದೊಡ್ಡ ಊರಾಗ ಒಬ್ಬರೇ ಏನ್ ಮಾಡ್ತೀರಿ?’ ಎಂದು ಮನೆಯಲ್ಲಿ ತಕರಾರು ಶುರುವಾಗುತ್ತದೆ. ಆದರೆ ಒಬ್ಬರೇ ತಿರುಗಾಡಲು ಮುಂಬೈ ಬಹಳ ಸಲೀಸಾದ ಊರು. ರಾತ್ರಿ ಹತ್ತಕ್ಕೂ ರೈಲಿನಲ್ಲಿ ಜನ ಇರುತ್ತಾರೆ. ಹೋಟೆಲಿನಲ್ಲಿ ಒಬ್ಬರೇ ಕೂತು ಉಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕಷ್ಟವಾಗುವುದು ಒಂದೇ ದಿನ ಊರಿನ ಎರಡೂ ತುದಿ ನೋಡಲು ಹೊರಟವರಿಗೆ. ಅವರ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ ಒಂದು ದಿನಕ್ಕೆ ಲೋಕಲ್ ರೈಲಿನ ಒಂದೇ ಲೈನ್ ಎಂದು ಇಟ್ಟುಕೊಳ್ಳಿ.

1. ಮೊದಲು ವಾರ ನೋಡಿ, ಆಮೇಲೆ ಟಿಕೆಟ್ ಮಾಡಿಸಿ

ದೋಣಿಯಲ್ಲಿ ಹೋಗಬೇಕಾದ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಸೋಮವಾರ ರಜೆ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ ರಜೆ. ಭಾನುವಾರ ಲೋಕಲ್ ರೈಲುಗಳಿಗೆ ‘ಮೆಗಾ ಬ್ಲಾಕ್’ ಇರುತ್ತದೆ. ಹಳಿ ರಿಪೇರಿಗೆಂದು ಕೆಲವು ಗಂಟೆ ರೈಲು ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ಹಾಕುತ್ತಾರೆ. ಹಾಗಾಗಿ ಮಂಗಳವಾರದಿಂದ ಶನಿವಾರದೊಳಗೆ ಮುಗಿಸುವುದು ಒಳ್ಳೆಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಮಳೆ ಹಿಡಿದರೆ ದೋಣಿಯೂ ಇಲ್ಲ, ಲೋಕಲ್ ರೈಲಿಗೂ ಭರವಸೆ ಇಲ್ಲ. ನವೆಂಬರ್‌ನಿಂದ ಫೆಬ್ರುವರಿ ಸರಿ. ಬೇಸಿಗೆಯಲ್ಲಿ ‘ನಮಗೇನ್ರೀ, ರಾಯಚೂರಿನ ಬಿಸಿಲು ಕಂಡವರು’ ಎನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ. ನಮ್ಮದು ಒಣ ಬಿಸಿಲು. ಅಲ್ಲಿ ನೆರಳಲ್ಲಿ ನಿಂತರೂ ಅಂಗಿ ಮೈಗೆ ಅಂಟುತ್ತದೆ.

2. ಹೋಗುವುದು ಹೇಗೆ?

ರಾಯಚೂರಿನವರು ಪುಣ್ಯವಂತರು. ಮುಂಬೈ ಮತ್ತು ಮದ್ರಾಸ್ ಕಡೆಯಿಂದ ಬಂದ ಎರಡು ಕಂಪನಿಗಳ ಹಳಿಗಳು 1871ರಲ್ಲಿ ಕೂಡಿದ್ದೇ ರಾಯಚೂರಿನಲ್ಲಿ. ಇಂದಿಗೂ ಅದೇ ದಾರಿ: ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ. ದೂರ ಸುಮಾರು 700 ಕಿ.ಮೀ. ಉದ್ಯಾನ್ ಎಕ್ಸ್‌ಪ್ರೆಸ್ ಈ ದಾರಿಯ ಹಳೆಯ, ನಂಬಿಕೆಯ ರೈಲು. ಬಳ್ಳಾರಿಯವರು ಗುಂತಕಲ್‌ಗೆ ಬಂದು ಹತ್ತಬಹುದು. ಕೊಪ್ಪಳದವರಿಗೆ ಗದಗ, ವಿಜಯಪುರದ ಮೇಲೆ ಹೋಗುವ ದಾರಿ ಇದೆ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ಬ್ಯಾಗ್ ಒಂದೇ ಇರಲಿ, ಬೆನ್ನಿಗೆ ಹಾಕುವಂಥದ್ದು. ಅದಕ್ಕೊಂದು ಸಣ್ಣ ಬೀಗ ಹಾಕಿಡಿ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಇಲ್ಲದ ಬ್ಯಾಗ್ ಇಟ್ಟುಕೊಳ್ಳುವುದಿಲ್ಲ.

3. ಲೋಕಲ್ ರೈಲು ಕಲಿಯಿರಿ

ಮುಖ್ಯವಾಗಿ ಮೂರು ಲೈನ್. ಚರ್ಚ್‌ಗೇಟ್‌ನಿಂದ ವಿರಾರ್ ಕಡೆಗೆ ವೆಸ್ಟರ್ನ್. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಕಲ್ಯಾಣ್ ಕಡೆಗೆ ಸೆಂಟ್ರಲ್. ಸಿಎಸ್‌ಎಂಟಿಯಿಂದ ಪನ್ವೇಲ್ ಕಡೆಗೆ ಹಾರ್ಬರ್. ಬೆಳಿಗ್ಗೆ ಜನ ದಕ್ಷಿಣಕ್ಕೆ ನುಗ್ಗುತ್ತಾರೆ, ಸಂಜೆ ಉತ್ತರಕ್ಕೆ. ನೀವು ಉಲ್ಟಾ ಹೋಗಿ. ದಕ್ಷಿಣದಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಉತ್ತರಕ್ಕೆ ಹೋಗುವ ರೈಲಲ್ಲಿ ಕಿಟಕಿ ಸೀಟೇ ಸಿಗಬಹುದು.

ಫಾಸ್ಟ್ ರೈಲು ಎಲ್ಲ ಕಡೆ ನಿಲ್ಲುವುದಿಲ್ಲ, ಸ್ಲೋ ನಿಲ್ಲುತ್ತದೆ. ಪ್ಲಾಟ್‌ಫಾರ್ಮಿನ ಬೋರ್ಡ್ ನೋಡಿ ಹತ್ತಿ. ಸಂಜೆ ಹೊತ್ತು ಬೋರಿವಲಿಗೆ ಹೋಗಲು ವಿರಾರ್ ಫಾಸ್ಟ್ ಹತ್ತಿದರೆ ದಿನಾ ಓಡಾಡುವವರಿಂದ ಬೈಸಿಕೊಳ್ಳುವುದು ಖಚಿತ. ಅದು ದೂರದವರ ರೈಲು ಎಂಬುದು ಅಲ್ಲಿನ ಅಲಿಖಿತ ನಿಯಮ. ಪದೇ ಪದೇ ಕ್ಯೂ ನಿಲ್ಲಲು ಬೇಜಾರಾದರೆ ಒಂದು, ಮೂರು, ಐದು ದಿನಗಳ ಟೂರಿಸ್ಟ್ ಪಾಸ್ ಕೇಳಿ. ಹೆಣ್ಣುಮಕ್ಕಳಿಗೆ ಪ್ರತಿ ರೈಲಿನಲ್ಲೂ ಬೇರೆ ಬೋಗಿ ಇದೆ. ರೈಲಿನಲ್ಲಿ ತೊಂದರೆಯಾದರೆ 139, ಹೊರಗಾದರೆ 112.

ಇನ್ನೊಂದು ಮಾತು. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ. ಬಾಂದ್ರಾ, ಸಯನ್ ದಾಟಿದ ಮೇಲೆ ಉತ್ತರಕ್ಕೆ ಮಾತ್ರ ಆಟೋ. ಇತ್ತ ಕರಿ-ಹಳದಿ ಟ್ಯಾಕ್ಸಿ, ಇಲ್ಲವೇ ‘ಬೆಸ್ಟ್’ ಎನ್ನುವ ಸಿಟಿ ಬಸ್. ಭಾಷೆಯ ಚಿಂತೆ ಬೇಡ, ನಮ್ಮ ಕಡೆಯ ಹಿಂದಿ ಸಾಕು. ಟ್ಯಾಕ್ಸಿಯವರು ‘ಹೈದರಾಬಾದ್ ಸೇ?’ ಎನ್ನುತ್ತಾರೆ, ಅಷ್ಟೇ.

4. ಮೊದಲ ದಿನ ಕಾಲ್ನಡಿಗೆ

ರೈಲು ಇಳಿಯುವ ಸಿಎಸ್‌ಎಂಟಿಯೇ ಮೊದಲ ಪ್ರೇಕ್ಷಣೀಯ ಸ್ಥಳ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡ. ರಸ್ತೆ ದಾಟಿ ಎದುರು ನಿಂತು ನೋಡಿ, ಒಳಗಿದ್ದರೆ ಅದರ ಅಂದ ಕಾಣುವುದಿಲ್ಲ. ಅಲ್ಲಿಂದ ಫೋರ್ಟ್ ಬೀದಿಗಳಲ್ಲಿ ನಡೆದು ಕಾಲಾ ಘೋಡಾಕ್ಕೆ ಬನ್ನಿ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ.

ಪಕ್ಕದಲ್ಲೇ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುತ್ತಿದ್ದರು. ಇಲ್ಲಿ ನಮ್ಮ ಕಡೆಯವರು ಹುಡುಕಿ ನೋಡಬೇಕಾದ ಕಲ್ಲೊಂದಿದೆ. ಅದು ಮುಂಬೈ ಹತ್ತಿರದ ಸೋಪಾರಾದಲ್ಲಿ 1882ರಲ್ಲಿ ಸಿಕ್ಕ ಅಶೋಕನ ಶಾಸನದ ತುಂಡು. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನ ನಮ್ಮ ಜಿಲ್ಲೆಯದು, ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳೂ ಅವನವೇ. ಮಸ್ಕಿ ನೋಡಿ ಬಂದವರಿಗೆ ಈ ಕಲ್ಲಿನ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕೆನಿಸುತ್ತದೆ. ಗುಂಪಿನ ಜತೆ ಹೋದರೆ ‘ನಡೀರಿ, ನಡೀರಿ’ ಎನ್ನುವವರು ಇರುತ್ತಾರೆ. ಒಬ್ಬರೇ ಹೋದ ಲಾಭ ಇದೇ ಅಲ್ವಾ?

ಸಂಜೆ ಮರೀನ್ ಡ್ರೈವ್. ಅದರ ಬಗ್ಗೆ ಹೇಳಿಕೊಡುವಂಥದ್ದು ಏನಿಲ್ಲ, ಹೋಗಿ ಕೂತುಕೊಳ್ಳಿ.

5. ಎರಡನೇ ದಿನ ದೋಣಿ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾ ಬಳಿ ಇರಿ. 1924ರಲ್ಲಿ ಮುಗಿದ ಈ ಕಮಾನಿನ ಮೂಲಕವೇ 1948ರ ಫೆಬ್ರುವರಿಯಲ್ಲಿ ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಿತು. ಎಲಿಫೆಂಟಾಕ್ಕೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಹೋಗಿ ಬರುವ ಟಿಕೆಟ್ ಒಟ್ಟಿಗೇ ಕೊಡುತ್ತಾರೆ, ಚೀಟಿ ಕಳೆಯಬೇಡಿ. ವಾಪಸ್ ಬರುವ ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.

ಜೆಟ್ಟಿಯಿಂದ ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಇಕ್ಕೆಲದಲ್ಲೂ ಅಂಗಡಿ. ಕೈಯಲ್ಲಿ ತಿಂಡಿ, ಜ್ಯೂಸ್ ಬಾಟಲಿ ಹಿಡಿದು ನಡೆದರೆ ಕೋತಿಗಳು ಕಿತ್ತುಕೊಳ್ಳುತ್ತವೆ. ಮೊದಲ ಗುಹೆಯೇ ದೊಡ್ಡದು. ಮೂರು ಮುಖದ ಶಿವ ಐದು ಮೀಟರ್‌ಗಿಂತ ಎತ್ತರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಆಮೇಲೆ ಅರ್ಧನಾರೀಶ್ವರ, ಗಂಗಾಧರ, ಕೈಲಾಸ ಎತ್ತುವ ರಾವಣ ಒಬ್ಬೊಬ್ಬರಾಗಿ ಕಾಣುತ್ತಾರೆ. ಬಾದಾಮಿ ನೋಡಿದವರಿಗೆ ಗೈಡ್ ಬೇಡ. ಅಂದಹಾಗೆ, ಐಹೊಳೆಯ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಹಡಗುಗಳೊಂದಿಗೆ ಮುತ್ತಿದ ಮಾತಿದೆ. ಆ ಪುರಿ ಇದೇ ದ್ವೀಪ ಎನ್ನುವ ಇತಿಹಾಸಕಾರರಿದ್ದಾರೆ. ಇಲ್ಲಿನವರು ಈಗಲೂ ಇದನ್ನು ಘಾರಾಪುರಿ ಎನ್ನುತ್ತಾರೆ.

6. ಮೂರನೇ ದಿನ ವೆಸ್ಟರ್ನ್ ಲೈನ್

ಬೋರಿವಲಿಯಲ್ಲಿ ಪೂರ್ವದ ಕಡೆ ಇಳಿಯಿರಿ. ಉದ್ಯಾನದ ಗೇಟಿನಿಂದ ಕಾನ್ಹೇರಿ ಗುಹೆಗಳು ದೂರ ಇವೆ, ಒಳಗೆ ಬಸ್ ಸಿಗುತ್ತದೆ. ಬೌದ್ಧ ಭಿಕ್ಷುಗಳಿಗೆ ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳಿವೆ. ಎಲ್ಲ ನೋಡುವ ಹಟ ಬೇಡ. ದೊಡ್ಡ ಚೈತ್ಯಗೃಹ (ಬೌದ್ಧರ ಪ್ರಾರ್ಥನಾ ಮಂದಿರ) ನೋಡಿ, ಮೇಲೆ ಹತ್ತಿ, ಮಳೆನೀರು ಹಿಡಿಯಲು ಕೊರೆದ ಕಾಲುವೆ, ತೊಟ್ಟಿಗಳನ್ನು ನೋಡಿ. ನೀರಿನ ಬೆಲೆ ಗೊತ್ತಿರುವ ನಮ್ಮಂಥವರಿಗೆ ಮೂರ್ತಿಗಳಿಗಿಂತ ಈ ತೊಟ್ಟಿಗಳೇ ಹೆಚ್ಚು ಹಿಡಿಸುತ್ತವೆ. ಮಳಖೇಡದಿಂದ ಆಳಿದ ಅಮೋಘವರ್ಷನ ಹೆಸರೂ ಇಲ್ಲಿನ ಶಾಸನಗಳಲ್ಲಿದೆ. ಒಂಟಿಯಾಗಿ ಕಾಡಿನ ಕಾಲುದಾರಿ ಹಿಡಿಯಬೇಡಿ, ಉದ್ಯಾನದಲ್ಲಿ ಚಿರತೆಗಳಿವೆ.

ಸಮಯ ಉಳಿದರೆ ವಾಪಸ್ ಬರುವಾಗ ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು ಹಾಜಿ ಅಲಿ ದರ್ಗಾ ನೋಡಬಹುದು. ಭರತ ಬಂದಾಗ ದರ್ಗಾದ ದಾರಿ ನೀರಲ್ಲಿ ಮುಳುಗುತ್ತದೆ. ಆ ದಿನದ ಭರತ-ಇಳಿತದ ಹೊತ್ತು ಮೊಬೈಲಿನಲ್ಲಿ ನೋಡಿಕೊಂಡೇ ಹೊರಡಿ.

7. ನಾಲ್ಕನೇ ದಿನ ದಾದರ್, ಮಾಟುಂಗಾ

ದಾದರ್ ಪಶ್ಚಿಮಕ್ಕೆ, ಶಿವಾಜಿ ಪಾರ್ಕ್ ಬಳಿ ಚೈತ್ಯಭೂಮಿ. 1956ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಅವರ ಅಂತ್ಯಸಂಸ್ಕಾರ ನಡೆದ ಜಾಗ. ಡಿಸೆಂಬರ್ 6ರ ಆಸುಪಾಸು ಲಕ್ಷಾಂತರ ಜನ ಸೇರುತ್ತಾರೆ. ನಮ್ಮ ಕಡೆಯಿಂದಲೂ ಹೋಗುತ್ತಾರೆ. ನಿಧಾನವಾಗಿ ನೋಡಬೇಕೆಂದರೆ ಬೇರೆ ದಿನ ಆರಿಸಿ. ದಾದರ್ ಪೂರ್ವದ ಹಿಂದೂ ಕಾಲೊನಿಯಲ್ಲಿ ಅವರ ಮನೆ ರಾಜಗೃಹ ಇದೆ.

ಅಲ್ಲಿಂದ ಮಾಟುಂಗಾ ಹತ್ತಿರ. ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು, ಕಲಸಬೇಡಿ. ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. 1942ರಿಂದ ನಡೆಯುತ್ತಿರುವ ಎ. ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಸಿಗುತ್ತದೆ. ಮೂರು ದಿನ ವಡಾಪಾವ್ ತಿಂದ ಮೇಲೆ ಅನ್ನ, ಸಾರು ಕಂಡರೆ ಎಷ್ಟು ಖುಷಿ ಎಂದು ಬೇರೆ ಹೇಳಬೇಕಿಲ್ಲ.

8. ವಾಪಸ್ ಬರುವಾಗ ಲೋನಾವಳದಲ್ಲಿ ಇಳಿಯಿರಿ

ಊರಿಗೆ ಬರುವ ದಾರಿಯಲ್ಲೇ ಲೋನಾವಳ ಇದೆ. ಬೆಳಿಗ್ಗೆಯೇ ಮುಂಬೈ ಬಿಟ್ಟು ಇಲ್ಲಿ ಇಳಿದರೆ ಕಾರ್ಲಾ ಗುಹೆ ಸಿಗುತ್ತದೆ. ಮೆಟ್ಟಿಲು ನೂರಾರು, ಆದರೆ ಹತ್ತಲೇಬೇಕು. ಬಂಡೆಯಲ್ಲಿ ಕೊರೆದ ಚೈತ್ಯಗೃಹಗಳಲ್ಲಿ ದೇಶದಲ್ಲೇ ದೊಡ್ಡದು ಇದು. ಒಳಗೆ ಎರಡು ಸಾವಿರ ವರ್ಷದಷ್ಟು ಹಳೆಯ ಮರದ ಕಮಾನುಗಳು ಇನ್ನೂ ಇವೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಮಾಡಿಸಿದ್ದು ವೈಜಯಂತಿಯ ಶೆಟ್ಟಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು.

ಸಂಜೆ ಲೋನಾವಳದಿಂದ ಪುಣೆಗೆ ಲೋಕಲ್ ರೈಲಿದೆ. ಹಾಗಾಗಿ ರಾಯಚೂರಿನ ಟಿಕೆಟನ್ನು ಮುಂಬೈಯಿಂದ ಬೇಡ, ಪುಣೆಯಿಂದ ಮಾಡಿಸಿ. ರಾತ್ರಿಯ ರೈಲೇ ಇರಲಿ, ಕಾರ್ಲಾದಲ್ಲಿ ಗಡಿಯಾರ ನೋಡುತ್ತಾ ಓಡುವುದು ತಪ್ಪುತ್ತದೆ.