ಸ್ಟಾಲ್ ರಕ್ಷಣೆ: ಮೊದಲು ಸಮಯ ಸರಿಪಡಿಸಿ, ಆಮೇಲೆ ಮಿತಿ

ಹೊರೆ ಹೊತ್ತ ಮೋಟಾರನ್ನು ಅವಸರದಲ್ಲಿ ವೇಗಕ್ಕೇರಿಸಲು ಹೋದರೆ, ಡ್ರೈವ್ (ವಿದ್ಯುತ್ತಿನ ಆವರ್ತನ ಬದಲಿಸಿ ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಕೊಡುವ ಆವರ್ತನಕ್ಕೆ ಅದು ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತದೆ. ಕರೆಂಟು ಏರಿ ಡ್ರೈವ್ ಟ್ರಿಪ್ ಆಗುತ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ನಿಂತುಬಿಡುತ್ತದೆ. ಸ್ಟಾಲ್ ರಕ್ಷಣೆ ಚಾಲೂ ಇದ್ದರೆ, ಕರೆಂಟು ಮಿತಿ ಮುಟ್ಟಿದೊಡನೆ ಡ್ರೈವ್ ಆವರ್ತನವನ್ನು ಇದ್ದಲ್ಲೇ ತಡೆಹಿಡಿದು, ಕರೆಂಟು ಇಳಿದ ಮೇಲೆ ಮತ್ತೆ ಏರಿಸುತ್ತದೆ.

ಮೊದಲು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್ ಅಂಕಿಯನ್ನು ಡ್ರೈವ್‌ಗೆ ತುಂಬಿ. ನಂತರ ಕೈಪಿಡಿ ತೆರೆದು, ಮಿತಿಯ ಶೇಕಡಾ ಲೆಕ್ಕ ಡ್ರೈವ್‌ನ ಕರೆಂಟಿನದೋ ಮೋಟಾರಿನದೋ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಡ್ರೈವ್ 30 ಆಂಪಿಯರಿನದು, ಮೋಟಾರು 20 ಆಂಪಿಯರಿನದು ಎಂದುಕೊಳ್ಳಿ. ಡ್ರೈವ್‌ನ ಲೆಕ್ಕದಲ್ಲಿ ಶೇ 150 ಎಂದರೆ 45 ಆಂಪಿಯರ್, ಅಂದರೆ ಮೋಟಾರಿಗೆ ಶೇ 225! ಮೋಟಾರಿಗೆ ಶೇ 150 ಸಾಕೆಂದಾದರೆ ಇಲ್ಲಿ ಶೇ 100 ಎಂದೇ ಇಡಬೇಕು.

ಈಗ ನಿಜವಾದ ಹೊರೆಯೊಂದಿಗೆ ಮೋಟಾರು ಓಡಿಸಿ, ಪರದೆಯಲ್ಲಿ ಕರೆಂಟನ್ನು ಗಮನಿಸಿ. ಪ್ರತಿ ಬಾರಿಯೂ ಆವರ್ತನ ನಡುವೆ ನಿಂತು ನಿಂತು ಏರುತ್ತಿದ್ದರೆ ಮಿತಿಯನ್ನು ಮುಟ್ಟಬೇಡಿ, ವೇಗ ಏರಿಸುವ ಸಮಯವನ್ನು ಹೆಚ್ಚಿಸಿ. 5 ಸೆಕೆಂಡ್ ಸಾಲದಿದ್ದರೆ 8 ಕೊಟ್ಟು ನೋಡಿ. ಈ ರಕ್ಷಣೆ ಅಪರೂಪಕ್ಕೆ ಒದಗಬೇಕಾದದ್ದು, ದಿನನಿತ್ಯ ದುಡಿಯಬೇಕಾದದ್ದಲ್ಲ.

ವೇಗ ಇಳಿಸುವಾಗ ತೊಂದರೆಯೇ ಬೇರೆ. ತಿರುಗುತ್ತಿರುವ ಹೊರೆ ಮೋಟಾರನ್ನು ಜನರೇಟರ್ ಮಾಡಿ ಡ್ರೈವ್‌ನೊಳಗಿನ ಡಿಸಿ ವೋಲ್ಟೇಜನ್ನು ಏರಿಸುತ್ತದೆ. 400 ವೋಲ್ಟ್ ಪೂರೈಕೆಯಲ್ಲಿ ಅದು ಸಾಮಾನ್ಯವಾಗಿ 565 ವೋಲ್ಟ್‌ನ ಹತ್ತಿರ ಇರುತ್ತದೆ. 800ರ ಆಸುಪಾಸಿಗೆ ಬಂದರೆ ಬಹಳಷ್ಟು ಡ್ರೈವ್‌ಗಳು ಟ್ರಿಪ್ ಆಗುತ್ತವೆ. ಅದಕ್ಕೂ ಮುನ್ನ ಸ್ಟಾಲ್ ರಕ್ಷಣೆ ವೇಗ ಇಳಿಸುವುದನ್ನು ತಡೆದು, ನಿಲ್ಲುವ ಸಮಯವನ್ನು ಹಿಗ್ಗಿಸುತ್ತದೆ. ವೇಗ ಅರ್ಧಕ್ಕಿಳಿಯುವಷ್ಟರಲ್ಲಿ ಚಲನಶಕ್ತಿಯ ಮುಕ್ಕಾಲು ಪಾಲು ಹೊರಬಂದಿರುತ್ತದೆ. ಹಾಗಾಗಿ ವೋಲ್ಟೇಜು ಜಿಗಿಯುವುದು ಆರಂಭದಲ್ಲೇ. ಕಣ್ಣು ಆಗ ಪರದೆಯ ಮೇಲಿರಲಿ. ಅಳೆಯಲೆಂದು ಮುಚ್ಚಳ ತೆರೆಯಬೇಡಿ, ವಿದ್ಯುತ್ ಕಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಬ್ರೇಕಿಂಗ್ ರೆಸಿಸ್ಟರ್ (ಹೀಗೆ ಹೊರಬರುವ ಶಕ್ತಿಯನ್ನು ಶಾಖವಾಗಿಸಿ ಕಳೆಯುವ ಸಾಧನ) ಜೋಡಿಸಿದ್ದರೆ ಇಳಿಕೆಯ ಸ್ಟಾಲ್ ರಕ್ಷಣೆಯನ್ನು ಸಾಮಾನ್ಯವಾಗಿ ಬಂದ್ ಮಾಡಬೇಕು. ಇಲ್ಲವಾದರೆ ಶಕ್ತಿಯನ್ನು ರೆಸಿಸ್ಟರ್ ಸುಡುವ ಮೊದಲೇ ಡ್ರೈವ್ ವೇಗ ಇಳಿಸುವುದನ್ನು ನಿಲ್ಲಿಸಿಬಿಡಬಹುದು. ಭಾರ ಎತ್ತಿಳಿಸುವ ಯಂತ್ರಗಳಲ್ಲಂತೂ ಈ ಹಂತವನ್ನು ಮರೆಯಲೇಬೇಡಿ. ಅಲ್ಲಿ ನಿಲ್ಲುವುದು ತಡವಾದರೆ ಭಾರ ಗುರಿ ದಾಟಿ ಹೋಗುತ್ತದೆ, ಕೆಳಗೆ ಜನರಿರುತ್ತಾರೆ.