ಒಳಗಿರುವ ತಮ್ಮನಿಗಾಗಿ ಜೈಲಿನ ಮೇಲೆ ಅರ್ಜಿ ಹಾಕುವುದು ಹೇಗೆ?

ನಾನು ಗದಗ-ಬೆಟಗೇರಿಯಲ್ಲಿ ಬ್ಲೌಸ್ ಹೊಲಿಯುವವಳು. ತಮ್ಮ ಒಳಗೆ ಹೋಗುವವರೆಗೂ ಕೋರ್ಟು ಕಂಡವಳಲ್ಲ. ಅವನಿಗೆ ಶುಗರ್. ಜೈಲಿನಲ್ಲಿ ಇನ್ಸುಲಿನ್ ಒಂದು ದಿನ ಕೊಟ್ಟರೆ ಎರಡು ದಿನ ಇಲ್ಲ. ಕಾಲಿನ ಹುಣ್ಣು ಕೊಳೆಯತೊಡಗಿತ್ತು.

ಮೊದಲು ಒಂದು ನೋಟ್‌ಬುಕ್ ತನ್ನಿ. ಭೇಟಿ ಮುಗಿಸಿ ಹೊರಗೆ ಬಂದವರೇ ಅಲ್ಲೇ ಕೂತು ಬರೆಯಿರಿ: ಯಾವ ತಾರೀಖು ಇಂಜೆಕ್ಷನ್ ತಪ್ಪಿತು, ಯಾರನ್ನು ಕೇಳಿದ, ಏನಂದರು. ನಾನು ‘ಬಹಳ ದಿನದಿಂದ ಔಷಧಿ ಇಲ್ಲ’ ಎಂದು ಬರೆದಿದ್ದೆ. ವಕೀಲರು ಅಡ್ಡಗೆರೆ ಎಳೆದು, “ಅಕ್ಕಾರ, ಬಹಳ ಅಂದ್ರ ಎಷ್ಟ್ ದಿನಾ?” ಅಂದರು. ಆಮೇಲೆ ಭೇಟಿಗೆ ಹೋದಾಗೆಲ್ಲ ತಾರೀಖು ಕೇಳಿ ಕೇಳಿ ಅವನ ತಲೆ ತಿಂದೆ.

ಜೈಲು ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡುವಾಗ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ನೋಟ್‌ಬುಕ್ಕಿಗೆ ಅಂಟಿಸಿ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಜೀವಕ್ಕೆ ಅಪಾಯ ಇದ್ದರೆ ಹೈಕೋರ್ಟಿನ ದೊಡ್ಡ ಕೇಸಿಗೆ ಕಾಯಬಾರದು. ಕಸ್ಟಡಿಗೆ ಕಳಿಸಿದ ಕೋರ್ಟಿನಲ್ಲೇ ಚಿಕಿತ್ಸೆಗೆ ಅರ್ಜಿ ಹಾಕಿಸಿ. ನಮಗೆ ಮೊದಲು ಆಸ್ಪತ್ರೆ ಸಿಕ್ಕಿದ್ದು ಹಾಗೆಯೇ. ಅಧಿಕಾರಿಗಳ ಮೇಲೆ ಕ್ರಮ, ಪರಿಹಾರ ಬೇಕಿದ್ದರೆ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕಿಗೆ ಧಕ್ಕೆಯಾದಾಗ ಸರ್ಕಾರದ ಮೇಲೆ ನೇರವಾಗಿ ಹಾಕುವ ಅರ್ಜಿ. ಗದಗದವರು ಬೆಂಗಳೂರಿಗೆ ಓಡಬೇಕಿಲ್ಲ, 2008ರಿಂದ ಧಾರವಾಡದಲ್ಲೇ ಪೀಠ ಇದೆ. ಪೊಲೀಸ್ ಕಸ್ಟಡಿಯಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿ ಎಂದು ತೆಗೆದುಕೊಂಡು, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತ್ತು. ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಘಟನೆ ನಡೆದು ಒಂದು ವರ್ಷದೊಳಗೆ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅರ್ಜಿ ಅಂದಕೂಡಲೇ ತಮ್ಮ, “ಅಕ್ಕಾ ಬ್ಯಾಡ ಬಿಡು, ಒಳಗ ಇರಾವ ನಾನು” ಅಂದ. ಅವನ ಹೆದರಿಕೆ ಸುಳ್ಳಲ್ಲ. ಅದಕ್ಕೇ ‘ಅರ್ಜಿ ಹಾಕಿದ್ದಕ್ಕೆ ತೊಂದರೆ ಕೊಡದಂತೆ ರಕ್ಷಣೆ ಬೇಕು, ಅಗತ್ಯ ಬಿದ್ದರೆ ಬೇರೆ ಜೈಲಿಗೆ ಕಳಿಸಬೇಕು’ ಎಂಬ ಕೋರಿಕೆಯನ್ನೂ ಅದರಲ್ಲೇ ಸೇರಿಸಿಸಿ. ಅದನ್ನು ಓದಿ ಹೇಳಿದ ಮೇಲೆಯೇ ಅವನು ಸಹಿ ಹಾಕಿದ್ದು.

ಒಂದು ಬೆರಳು ಹೋಯಿತು, ಕಾಲು ಉಳಿಯಿತು. ರಿಟ್ ಇನ್ನೂ ನಡೆಯುತ್ತಿದೆ. ನೋಟ್‌ಬುಕ್ ಮಾತ್ರ ಯಾರ ಕೈಗೂ ಕೊಟ್ಟಿಲ್ಲ, ವಕೀಲರಿಗೂ ಜೆರಾಕ್ಸೇ.