ಮುಂಜಾನೆ ಏಳೂವರೆಗೆ ಫೋನ್ ಹಚ್ಚಿದೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಬಾದಾಮಿಗೆ ಹೋಗಿದ್ದೆವು. ಮೂರನೆಯ ಗುಹೆಯ ತನಕ ಮೆಟ್ಟಿಲು ಹತ್ತಿ ಇಳಿದೆ, ಯಾರ ಕೈಯನ್ನೂ ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿರುವಾಗ ಮುರಿದ ಎಡಪಾದದ ಮೇಲಿನ ಗಿಣ್ಣಿನೊಳಗೆ ಒಂದು ಪ್ಲೇಟು, ಏಳೋ ಎಂಟೋ ಸ್ಕ್ರೂ ಇವೆ. "ಆ ದೇಶದಾಗ ಅವರ ಫೋನ್ ಕಾಯ್ಕೊಂತ ಕುಂತರ ಕಾಲು ಸೊಟ್ಟ ಕೂಡತೈತಿ" ಎಂದು ಹೇಳಿದ್ದ ಕಾಕಾ ಕೆಳಗೆ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದರು. ನಾನು ಇಳಿದು ಬಂದಾಗ ಕಾಲು ನೋಡಿದರು, ಮಾತಾಡಲಿಲ್ಲ, ನನಗೂ ಒಂದು ಗ್ಲಾಸು ಹೇಳಿದರು. ನಮ್ಮ ಕಾಕಾ ಸೋಲು ಒಪ್ಪುವುದು ಹೀಗೆ.

ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯವರಿಗೆ 111 (ಆರೋಗ್ಯ ಸಲಹೆಯ ಸರಕಾರಿ ಫೋನ್) ಯಾವುದು, ಜಿಪಿ (ಮನೆ ಹತ್ತಿರದ ಡಾಕ್ಟರ್) ಯಾರು, ಎ ಅಂಡ್ ಇಯಲ್ಲಿ (ಆಸ್ಪತ್ರೆಯ ತುರ್ತು ವಿಭಾಗ) ಎಷ್ಟು ಹೊತ್ತು ಕೂಡಬೇಕು ಎಂದೆಲ್ಲ ನಾನು ಹೇಳಬೇಕಿಲ್ಲ. ಎಕ್ಸ್‌ರೇ ತನಕ ಹೇಗೋ ಎಲ್ಲರೂ ಮುಟ್ಟುತ್ತಾರೆ. ಅಲ್ಲಿಂದ ಆಪರೇಷನ್ ಟೇಬಲ್ಲಿಗೆ ಹೋಗುವ ದಾರಿಯನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

2025ರ ಜನವರಿ, ಒಂದು ಗುರುವಾರ ಸಂಜೆ. ಕಸದ ಡಬ್ಬಿ ಹೊರಗಿಡಲು ಹೋದೆ, ಹಿಂಬಾಗಿಲ ಮೆಟ್ಟಿಲ ಮೇಲೆ ನೀರು ಹೆಪ್ಪುಗಟ್ಟಿತ್ತು. ಒಣ ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳ. ಆದರೂ ಉಳುಕಿದೆ ಅಂತಲೇ ಅಂದುಕೊಂಡು ಒಂದು ತಾಸು ಅರಿಶಿನ-ಸುಣ್ಣ ಹಚ್ಚಿಕೊಂಡು ಕೂತೆ. ಅದು ದಡ್ಡತನ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು ಎಂಬ ಲೆಕ್ಕ 1992ರಿಂದ ಇದೆ, ಕೆನಡಾದ ಒಟ್ಟಾವದ ಡಾಕ್ಟರರು ಹಾಕಿಕೊಟ್ಟದ್ದು. ನನಗೆ ಒಂದು ಹೆಜ್ಜೆಯೂ ಆಗಿರಲಿಲ್ಲ.

111ರವರು ಹತ್ತಿರದ ಚಿಕ್ಕ ಕೇಂದ್ರಕ್ಕೆ ಹೋಗು ಎಂದರು. ಟ್ಯಾಕ್ಸಿಗೆ 14 ಪೌಂಡ್ ಕೊಟ್ಟು ಹೋದರೆ ಎಂಟಕ್ಕೇ ಅಲ್ಲಿಯ ಎಕ್ಸ್‌ರೇ ಕೋಣೆಗೆ ಕೀಲಿ ಬಿದ್ದಿತ್ತು. ಮತ್ತೆ 20 ಚಿಲ್ಲರೆ ಪೌಂಡ್ ಕೊಟ್ಟು ದೊಡ್ಡ ಆಸ್ಪತ್ರೆಗೆ. ಅಲ್ಲಿ ಸುಮಾರು ಏಳು ತಾಸು. ಹೊರಡುವ ಮೊದಲು ಎಕ್ಸ್‌ರೇ ಎಷ್ಟು ಗಂಟೆಯ ತನಕ ಎಂದು ಒಂದು ಮಾತು ಕೇಳಿದ್ದರೆ ಆ 14 ಪೌಂಡ್ ಉಳಿಯುತ್ತಿತ್ತು. ಗಿಣ್ಣಿನ ಎರಡೂ ಬದಿಯ ಎಲುಬು ಮುರಿದಿದ್ದವು. ಎಳೆದು ಕೂಡಿಸಿ, ಹಿಂದಿನಿಂದ ಅರ್ಧ ಪ್ಲಾಸ್ಟರ್ ಹಾಕಿ, ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಕೊಟ್ಟು, ಎರಡು ಊರುಗೋಲು ಕೈಗಿಟ್ಟು, "ಆಪರೇಷನ್ ಬೇಕು, ಮನೆಯಲ್ಲಿರಿ, ಫೋನ್ ಮಾಡುತ್ತೇವೆ" ಎಂದರು.

ಶನಿವಾರ ಫೋನಿಲ್ಲ. ರವಿವಾರ ಇಲ್ಲ. ಸೋಮವಾರವೂ ಇಲ್ಲ. ಅವರು ಕೊಟ್ಟ ಚೀಟಿಯಲ್ಲಿ ಮಧ್ಯರಾತ್ರಿಯಿಂದ ಊಟ ಬಂದ್, ಆರರ ತನಕ ನೀರು ಮಾತ್ರ ಎಂದಿತ್ತು. ಹೀಗೆ ಬೆನ್ನುಬೆನ್ನಿಗೆ ಮೂರು ಏಕಾದಶಿ ಆದವು, ಮಧ್ಯಾಹ್ನ ಮೂರರ ತನಕ ಒಂದು ಗುಟುಕು ಚಹಾ ಇಲ್ಲ. ವಾರ್ಡಿಗೆ ಫೋನ್ ಹಚ್ಚಿದರೆ ಕ್ಲಿನಿಕ್ಕಿಗೆ ಹಚ್ಚಿ ಎನ್ನುವರು, ಕ್ಲಿನಿಕ್ಕಿನವರು ವಾರ್ಡಿಗೆ. ರವಿವಾರ ಸಿಟ್ಟು ಬಂದು ದೂರು ಕೇಳುವ ಕಚೇರಿಗೆ ಉದ್ದದ ಇಮೇಲ್ ಬರೆದೆ. ಬಹಳ ನಯವಾದ ಉತ್ತರ ಬಂತು, ಆಪರೇಷನ್ ಆಗಿ ಹೊಲಿಗೆ ಬಿಚ್ಚುವ ಹೊತ್ತಿಗೆ.

ಇತ್ತ ಕಾಕಾನ ಫೋನು. "ಯವ್ವಾ, ವಿಮಾನ ಹತ್ತಿ ಬಂದಬಿಡು. ಬೆಳಗಾವ್ಯಾಗ ನಾಳೆಗೇ ಆಪರೇಷನ್ ಮಾಡಸ್ತೀನಿ." ಅದನ್ನೂ ಲೆಕ್ಕ ಹಾಕಿ ನೋಡಿದೆ. ಪ್ಲಾಸ್ಟರ್ ಹಾಕಿ 48 ತಾಸು ಆಗದೆ ದೂರದ ವಿಮಾನ ಹತ್ತಿಸುವುದಿಲ್ಲ, ಹತ್ತಿದರೂ ಕಾಲು ಮೇಲೆ ಚಾಚಿ ಕೂಡಬೇಕು. ಅಂಥ ಸೀಟಿಗೆ ಆ ವಾರ ಎರಡೂವರೆ ಲಕ್ಷದ ಹತ್ತಿರ ಕೇಳಿದರು. ಬೆಂಗಳೂರಿನಲ್ಲಿ ಇಳಿದು ಬೆಳಗಾವಿಗೆ ಬರುವುದು ಬೇರೆ. ಇಂಗ್ಲೆಂಡಿನಲ್ಲಿ ನೋಡಿದರೆ ವೀಸಾದ ಜೊತೆ ಸರಕಾರಿ ಆಸ್ಪತ್ರೆಗೆಂದು ವರ್ಷಕ್ಕೆ 1035 ಪೌಂಡಿನಂತೆ ಮೂರು ವರ್ಷದ ಆರೋಗ್ಯ ಶುಲ್ಕ ಮೊದಲೇ ಕಟ್ಟಿದ್ದೆ, ನಮ್ಮ ದುಡ್ಡಿನಲ್ಲಿ ಮೂರೂಕಾಲು ಲಕ್ಷ. ಕಟ್ಟಿದ ರೊಕ್ಕ ಬಿಟ್ಟು ಮತ್ತೆ ರೊಕ್ಕ ಸುರಿಯುವುದು ನಮ್ಮ ಮನೆತನದಲ್ಲೇ ಇಲ್ಲ. ಖಾಸಗಿಯವರನ್ನೂ ಎರಡು ಕಡೆ ಕೇಳಿದೆ, ಹೊಸದಾಗಿ ಮುರಿದದ್ದನ್ನು ನಾವು ತಗೊಳ್ಳುವುದಿಲ್ಲ ಎಂದರು.

ಸೋಮವಾರ ಸಂಜೆ ಪ್ಲಾಸ್ಟರ್ ಬಿಗಿಯಾಗಿ ಬೆರಳು ಜುಮ್ಮೆನ್ನತೊಡಗಿತು. ಮತ್ತೆ ಆಸ್ಪತ್ರೆಗೆ ಓಡಿದೆ. ಅಲ್ಲಿ ಎರಡು ಸಂಗತಿ ತಿಳಿದವು. ಒಂದು, ತಪ್ಪು ಅರ್ಧ ನನ್ನದೇ. ಮೂರು ದಿನ ಕುರ್ಚಿಯ ಮೇಲೆ ಕೂತು ಕಾಲನ್ನು ಮಗಳ ಸ್ಟೂಲಿನ ಮೇಲಿಟ್ಟಿದ್ದೆ. ಬಾವು ಕುಂಬಳಕಾಯಿಯಂತೆ ಏರಿತ್ತು. ಬಾವು ಇಳಿದು ಚರ್ಮದ ಮೇಲೆ ಸುಕ್ಕು ಕಾಣುವ ತನಕ ಸರ್ಜನ್ ಕತ್ತಿ ಹಾಕುವುದಿಲ್ಲ, ಹಾಕಿದರೆ ಗಾಯ ಮುಚ್ಚದೆ ಹೋಗಬಹುದು. ಹಾಗಂತ ಎರಡು ವಾರ ದಾಟಿಸಿದರೆ ಎಲುಬು ತನಗೆ ತಿಳಿದಂತೆ ಕೂಡಲು ಶುರುಮಾಡುತ್ತದೆ. ಇನ್ನೊಂದನ್ನು ಹೇಳಿದ್ದು ಪ್ಲಾಸ್ಟರ್ ಕೋಣೆಯ ವಯಸ್ಸಾದ ಹೆಂಗಸು. ದಿನಾ ಮುಂಜಾನೆ ಎಂಟರ ಸುಮಾರಿಗೆ ಡಾಕ್ಟರರೆಲ್ಲ ಕೂಡಿ ಅಂದಿನ ಪಟ್ಟಿ ಗಟ್ಟಿ ಮಾಡುತ್ತಾರೆ, ಆ ಪಟ್ಟಿ ಹಿಡಿದು ಓಡಾಡುವವರು ಟ್ರಾಮಾ ಕೋಆರ್ಡಿನೇಟರ್ ಎಂಬ ಒಬ್ಬ ನರ್ಸ್. ವಾರ್ಡು, ಕ್ಲಿನಿಕ್ಕು, ದೂರಿನ ಕಚೇರಿ ಯಾವುದರ ಕೈಯಲ್ಲೂ ಆ ಪಟ್ಟಿ ಇಲ್ಲ.

ಮಂಗಳವಾರ ಇಡೀ ದಿನ ಕೌದಿ. ಅವ್ವ ಹಳೆಯ ಇಳಕಲ್ಲ ಸೀರೆಗಳನ್ನು ಕೂಡಿಸಿ ಹೊಲಿದು ಕಳಿಸಿದ ಎರಡು ಕೌದಿಗಳನ್ನು ಎಂಟು ಮಡಿಕೆ ಮಾಡಿ, ಒಂದರ ಮೇಲೊಂದು ಹೇರಿ, ಅಂಗಾತ ಮಲಗಿ, ಗಿಣ್ಣು ಎದೆಗಿಂತ ಒಂದು ಗೇಣು ಮೇಲೆ ಬರುವಂತೆ ಇಟ್ಟೆ. ದಿಂಬು ಕುಸಿಯುತ್ತದೆ, ಕೌದಿ ಕುಸಿಯುವುದಿಲ್ಲ. ತಾಸಿಗೆ ಐದು ನಿಮಿಷ ಬಿಟ್ಟರೆ ಕಾಲು ಕೆಳಗಿಳಿಸಲೇ ಇಲ್ಲ. ನಾಲ್ಕು ತಾಸಿಗೊಮ್ಮೆ ಬೆರಳುಗಳ ಫೋಟೋ, ಒಂದೇ ದೀಪ, ಒಂದೇ ದೂರ. ಬುಧವಾರ ನಸುಕಿನಲ್ಲಿ ನೋಡಿದರೆ ಬೆರಳಿನ ಗೆರೆಗಳು ಮರಳಿ ಬಂದಿದ್ದವು!

ಪಟ್ಟಿ ಗಟ್ಟಿಯಾಗುವ ಮೊದಲೇ ಆ ನರ್ಸಿಗೆ ನಾನೇ ಫೋನ್ ಹಚ್ಚುವುದು ನಮ್ಮವರಿಗೆ ಸರಿ ಕಾಣಲಿಲ್ಲ. "ಹಿಂಗ ಬೆನ್ನು ಹತ್ತಿದರ ಹೆಸರು ತಗದು ಕೆಳಗ ಹಾಕ್ತಾರ ನೋಡು." ಹದಿನೈದು ವರ್ಷದಿಂದ ಅಲ್ಲಿರುವ ಹುಬ್ಬಳ್ಳಿಯ ಗೆಳತಿಯೂ ಅದನ್ನೇ ಅಂದಳು.

ಬುಧವಾರ ಏಳೂವರೆಗೆ ಆಸ್ಪತ್ರೆಯ ಸ್ವಿಚ್‌ಬೋರ್ಡಿಗೆ, ಅಂದರೆ ಕರೆ ಜೋಡಿಸಿಕೊಡುವವರಿಗೆ, ಹಚ್ಚಿದೆ. ಸಾಲಿನಲ್ಲಿ ಮೂರನೆಯವಳು. ಎರಡನೆಯವಳಾಗುವ ಹೊತ್ತಿಗೆ ಕಾಕಾನ ಕರೆ ನಡುವೆ ಬಂತು. ನಮ್ಮ ಏಳೂವರೆ ಅಂದರೆ ಬಾಗಲಕೋಟೆಯಲ್ಲಿ ಮಧ್ಯಾಹ್ನ ಒಂದು, ಕಾಕಾ ರೊಟ್ಟಿ ಉಂಡು ಕೈ ತೊಳೆದು ಫೋನ್ ಹಿಡಿಯುವ ಹೊತ್ತು. ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿದೆ, ಆಸ್ಪತ್ರೆಯ ಸಾಲು ಕಡಿಯಿತು. ಮತ್ತೆ ಮೊದಲಿನಿಂದ. ಕೋಆರ್ಡಿನೇಟರ್ ಸಿಕ್ಕಾಗ ಎಂಟಕ್ಕೆ ಹತ್ತು ನಿಮಿಷ. ಅವತ್ತು ಸೊಂಟದ ಎಲುಬು ಮುರಿದ ಮೂವರು ಅಜ್ಜಿಯರಿದ್ದರು, ಅಲ್ಲಿ ಅವರಿಗೇ ಮೊದಲ ಸರದಿ. ಅದಕ್ಕೆ ನನ್ನ ತಕರಾರಿಲ್ಲ, ನಮ್ಮ ಅಜ್ಜಿಯೂ ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದನ್ನು ಕಂಡವಳು ನಾನು. ಆದರೆ ಅಂಥ ಪಟ್ಟಿಯಲ್ಲೂ ತೂತು ಬೀಳುತ್ತದೆ. ಯಾರಿಗೋ ಜ್ವರ, ಯಾರೋ ರಕ್ತ ತೆಳು ಮಾಡುವ ಮಾತ್ರೆ ನುಂಗಿರುತ್ತಾರೆ. ಆಗ ಹೊಟ್ಟೆ ಖಾಲಿ ಇಟ್ಟುಕೊಂಡು, ಬಾವು ಇಳಿಸಿಕೊಂಡು, ಇಪ್ಪತ್ತು ನಿಮಿಷದಲ್ಲಿ ಬಂದು ಮುಟ್ಟುವವರು ಒಬ್ಬರು ಅವರಿಗೂ ಬೇಕು. ನಾನು ಹೇಳಿದ್ದು ಇಷ್ಟೇ. ಹೇಳುವ ಮೊದಲು ಆಕೆಗೆ ಒಂದು ಪ್ರಶ್ನೆ ಕೇಳಿದೆ, ಅದರಿಂದಲೇ ನನ್ನ ಹೆಸರು ಆಕೆಯ ನೆನಪಿನಲ್ಲಿ ಉಳಿಯಿತು. ಆ ಪ್ರಶ್ನೆ ಏನೆಂದು ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳಿದರೆ ನಾಳೆ ಅದು ಉಪಯೋಗಕ್ಕೆ ಬಾರದು.

ಗುರುವಾರ ಮತ್ತೆ ಏಳೂವರೆ. ಕಾಕಾನಿಗೆ ಹಿಂದಿನ ರಾತ್ರಿಯೇ ಕಟ್ಟುನಿಟ್ಟಾಗಿ ಹೇಳಿದ್ದೆ, ಒಂದರಿಂದ ಎರಡರ ತನಕ ಫೋನ್ ಮುಟ್ಟಬೇಡಿ ಎಂದು. ನಾನು ಹೆಸರು ಹೇಳುವ ಮೊದಲೇ ಆಕೆ ಹೇಳಿದಳು, ಒಂಬತ್ತೂವರೆಗೆ ಬಾ. ಎರಡಕ್ಕೆ ಟೇಬಲ್ ಮೇಲಿದ್ದೆ. ಸೊಂಟದ ಕೆಳಗೆ ಮರಗಟ್ಟಿಸಿ, ಹೊರಬದಿಗೆ ಪ್ಲೇಟು, ಒಳಬದಿಗೆ ಎರಡು ಸ್ಕ್ರೂ. ಬಿದ್ದು ಸರಿಯಾಗಿ ಒಂದು ವಾರ. ನನ್ನ ನಂತರ ಕಾಲು ಮುರಿದುಕೊಂಡು ಸುಮ್ಮನೆ ಫೋನ್ ಕಾಯುತ್ತ ಕೂತ ಒಬ್ಬರನ್ನು ಆಮೇಲೆ ಕ್ಲಿನಿಕ್ಕಿನಲ್ಲಿ ಕಂಡೆ, ಅವರಿಗೆ ಹನ್ನೊಂದು ದಿನ ಹಿಡಿದಿತ್ತು.

ಮನೆಗೆ ಬಿಡುವಾಗ ರಜೆಯ ಚೀಟಿಯನ್ನು ವಾರ್ಡಿನಲ್ಲೇ ಬರೆಸಿಕೊಳ್ಳಿ, ಅದೂ ಆರು ವಾರಕ್ಕೆ. ನಾನು ಮರೆತು ಬಂದೆ. ಜಿಪಿಯವರು ಆಸ್ಪತ್ರೆಯನ್ನು ಕೇಳು ಎಂದರು, ಆಸ್ಪತ್ರೆಯವರು ಜಿಪಿಯನ್ನು. ಅದಕ್ಕೇ ಒಂಬತ್ತು ದಿನ ಹೋದವು. ಕಂಪನಿ ನಾಲ್ಕು ವಾರ ಪೂರ್ತಿ ಸಂಬಳ ಕೊಟ್ಟಿತು, ಆಮೇಲೆ ಕಾಯ್ದೆಯ ಪ್ರಕಾರ ವಾರಕ್ಕೆ 116 ಪೌಂಡ್ ಚಿಲ್ಲರೆ. ಪೆಟ್ಟು ಬಿದ್ದದ್ದು ಅಲ್ಲೇ.

ಆಸ್ಪತ್ರೆಗೆ ಕೊಟ್ಟದ್ದು ಸೊನ್ನೆ. ಟ್ಯಾಕ್ಸಿಗಳಿಗೆ ಒಟ್ಟು 130 ಆಗಿರಬೇಕು. ಔಷಧದ ಚೀಟಿ ಎರಡು, ಒಂದಕ್ಕೆ 9.90. ಮೊಣಕಾಲೂರಿ ತಳ್ಳುವ ಸ್ಕೂಟರ್ ವಾರಕ್ಕೆ 30ರಂತೆ ಬಾಡಿಗೆಗೆ ತಂದೆ, ನಮ್ಮ ಮನೆಯ ಇಕ್ಕಟ್ಟಿನಲ್ಲಿ ಅದು ತಿರುಗಲೇ ಇಲ್ಲ, ಎರಡು ವಾರಕ್ಕೆ ವಾಪಸ್. ಸ್ನಾನಕ್ಕೆ ಕಸದ ಚೀಲ, ರಬ್ಬರ್ ಬ್ಯಾಂಡ್ ಕಟ್ಟಿ ಉಳಿತಾಯ ಮಾಡಲು ಹೋಗಿ ಪ್ಲಾಸ್ಟರ್ ತೊಯ್ದು, ಮತ್ತೆ 15 ಪೌಂಡಿನ ರಬ್ಬರ್ ಚೀಲವನ್ನೇ ಕೊಂಡೆ. ಗೆದ್ದ ಪ್ರಯೋಗ ಜೋಳಿಗೆ. ಎರಡು ಊರುಗೋಲು ಹಿಡಿದವಳು ಚಹಾದ ಕಪ್ಪು ಒಯ್ಯುವುದು ಹೇಗೆ? ಖಣದ ತುಂಡಿನಲ್ಲಿ ಕೊರಳಿಗೆ ಜೋಳಿಗೆ ಹೊಲಿದು, ಅದರಲ್ಲಿ ಥರ್ಮಾಸ್, ಫೋನು, ಒಂದು ತುಂಡು ಅಮೀನಗಡದ ಕರದಂಟು. ಊರುಗೋಲಿನ ಹಿಡಿಕೆಗೂ ಅದೇ ಖಣ ಸುತ್ತಿದೆ, ಅಂಗೈ ಗುಳ್ಳೆ ನಿಂತವು.

ಆರು ವಾರ ಕಾಲೂರಲಿಲ್ಲ. ಆಮೇಲೆ ಗಿಣ್ಣು ಅಲುಗದಂತೆ ಹಿಡಿಯುವ ಬೂಟು, ಆಮೇಲೆ ವ್ಯಾಯಾಮ, ಬಹಳಷ್ಟು ಜನರಿಗೆ ಹೀಗೇ.

ಈಗ ಉಳಿದ ತೊಂದರೆ ಒಂದೇ. ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ಹೊರಬದಿಯ ಸ್ಕ್ರೂ ತಲೆ ನೆಲಕ್ಕೆ ಒತ್ತುತ್ತದೆ. ಅವ್ವ ಏನೂ ಕೇಳದೆ ಕೌದಿಯ ಮೂಲೆ ಮಡಚಿ ಗಿಣ್ಣಿನ ಕೆಳಗೆ ಸೇರಿಸುತ್ತಾಳೆ. ಕಾಕಾನಿಗೆ ಇವತ್ತು ಅದು ಕಂಡಿತು.

"ಅದನ್ನ ತಗಸಾಕರ ಬೆಳಗಾವಿಗೆ ಬರ್ತೀಯೇನವಾ?"

ಬರ್ತೀನಿ ಕಾಕಾ ಎಂದೆ. ಅವಸರವಿಲ್ಲದ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಏಳೂವರೆಯ ಫೋನು ನಡೆಯುವುದಿಲ್ಲ.